ಹದಿನಾಲ್ಕನೇ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ ಅಕ್ತರ್

ಅಕ್ತರ್ ಅವರ ಅಪ್ಪ ಶಿವಾಜಿನಗರದ ಗಲ್ಲಿಯೊಂದರಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅದೇ ಅಂಗಡಿಯಲ್ಲಿ ಅಕ್ತರ್ ಇಪ್ಪತ್ತು ವರ್ಷ ಟಿವಿ ರಿಪೇರಿ ಮಾಡಿದರು. ಕೆಟ್ಟ ಟಿವಿಯನ್ನು ರಿಪೇರಿ ಮಾಡಿಸುವುದು ಮರ್ಯಾದೆಗೆ ಕಡಿಮೆ ಎಂದು ಜನ ತೀರ್ಮಾನಿಸಿದ ಮೇಲೆ ಬೋರ್ಡು ಬದಲಾಯಿಸಿ ಸಿಸಿಟಿವಿ ಕ್ಯಾಮೆರಾ ಹಾಕುವ ಕೆಲಸಕ್ಕೆ ಇಳಿದರು.

"ಜನಕ್ಕೆ ಹಾಡು ಬೇಕಿತ್ತು, ನಮ್ಮ ಅಬ್ಬಾ ಬದುಕಿದ್ರು. ಆಮೇಲೆ ಸೀರಿಯಲ್ ಬೇಕಿತ್ತು, ನಾನು ಬದುಕ್ದೆ. ಈಗ ಭಯ ಬೇಕು ಸಾರ್. ಅದನ್ನೂ ಫಿಟ್ ಮಾಡ್ಕೊಡ್ತೀನಿ," ಎಂದು ಒಮ್ಮೆ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಾ ಹೇಳಿದ್ದರು.

ಒಂಬತ್ತು ವರ್ಷಗಳಲ್ಲಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ಅವರು ಹಾಕಿದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ಹಾಕುವುದಷ್ಟೇ ಅಲ್ಲ, ಏನಾದರೂ ಕಾಣೆಯಾದರೆ ಹಿಂದಿನ ದಿನದ ದೃಶ್ಯಗಳನ್ನು ತಿರುಗಿಸಿ ಕಳ್ಳನನ್ನು ತೋರಿಸುವುದೂ ಅವರ ಪಾಲಿಗೇ. ಹಾಗೆ ಅವರು ಕಂಡ ಕಳ್ಳರು ಬಗೆಬಗೆಯವರು. ಬೆನ್ಸನ್ ಟೌನಿನಲ್ಲಿ ಚಪ್ಪಲಿ ಕದ್ದದ್ದು ಪಕ್ಕದ ಮನೆಯ ನಾಯಿ. ಹಲಸೂರಿನಲ್ಲಿ ಹಿತ್ತಾಳೆ ಕೊಳಗ ಕದ್ದದ್ದು ಮನೆಯ ಅಳಿಯ. ಮತ್ತೊಬ್ಬರ ಸ್ಕೂಟರ್ ಕದ್ದದ್ದು ಸ್ವತಃ ಅದರ ಯಜಮಾನರೇ. ಮಾರ್ಕೆಟ್ಟಿಗೆ ಅದರಲ್ಲಿ ಹೋಗಿ, ಮರೆತು, ಆಟೋದಲ್ಲಿ ವಾಪಸಾಗಿದ್ದರು. ಒಂಬತ್ತು ವರ್ಷಗಳಲ್ಲಿ ನಿಜವಾದ ಕಳ್ಳರು ಸಿಕ್ಕಿದ್ದು ಇಬ್ಬರು. ಅವರಲ್ಲಿ ಒಬ್ಬ ಬಂದಿದ್ದೇ ಕ್ಯಾಮೆರಾ ಕದಿಯಲು.

ಇಂದಿರಾನಗರದ ಅಂಚಿನಲ್ಲಿರುವ ನಮ್ಮ ಬಡಾವಣೆ ವಿಮಾ ನೌಕರರು ಕಟ್ಟಿಕೊಂಡ ಎಪ್ಪತ್ತು ಮನೆಗಳದ್ದು. ಅಪಾಯವನ್ನು ಅಳೆಯುವುದನ್ನೇ ಕಸುಬು ಮಾಡಿಕೊಂಡವರ ಊರು ಇದು. ಸಂಘದ ಕಾರ್ಯದರ್ಶಿ ಭಗವಂತರಾಯರು ಮೂವತ್ತೊಂದು ವರ್ಷ ಕ್ಲೇಮು ವಿಭಾಗದಲ್ಲಿದ್ದವರು. ಗಂಡ ಸತ್ತ ಹೆಂಗಸು ಕಣ್ಣೆದುರು ಅಳುತ್ತಾ ನಿಂತರೂ "ಮೂಲ ಪ್ರಮಾಣಪತ್ರ ಎಲ್ಲಮ್ಮಾ?" ಎಂದು ಕೇಳುವಷ್ಟು ಸಾಕ್ಷ್ಯನಿಷ್ಠರು. ನಿವೃತ್ತರಾದ ಮೇಲೆ ಆ ನಿಷ್ಠೆಯನ್ನೂ ಪೆನ್ಷನ್ ಕಾಗದಗಳ ಜೊತೆ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಈಗ ಮೊಬೈಲಿಗೆ ಏನು ಬಂದರೂ ಅದು ಸತ್ಯ. ಕಂಬಳಿ ಮಾರುವ ನೆಪದಲ್ಲಿ ದರೋಡೆಕೋರರು ನಗರಕ್ಕೆ ಇಳಿದಿದ್ದಾರೆ ಎಂಬ ವಿಡಿಯೊವನ್ನು ಅವರು ನಮಗೆಲ್ಲ ಕಳಿಸಿದಾಗ ಅದರ ಹಿಂದೆ ಹಿಮದ ಬೆಟ್ಟ ಕಾಣುತ್ತಿತ್ತು. "ನಂದಿ ಬೆಟ್ಟದ ಕಡೆ ಇರ್ಬೇಕು" ಎಂದು ಯಾರೋ ಸಮಾಧಾನ ಹೇಳಿದರು. ಆ ವಿಡಿಯೊದ ಬಲದಿಂದ ಬಡಾವಣೆಗೆ ಮೂವತ್ತೆರಡು ಕ್ಯಾಮೆರಾಗಳು ಬಂದವು. ಹಾಕಿದವರು ಅಕ್ತರ್.

ಅದಾದ ಮೇಲೆ ನಮ್ಮ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಬೃಂದಾ ಒಂದು ಭಾನುವಾರ ಬೆಳಿಗ್ಗೆ ಸಂಘದ ಸಭೆಗೆ ಬಂದರು. ಹಿಂದಿನ ವರ್ಷ ಬಡಾವಣೆಯಿಂದ ಬಂದ ದೂರುಗಳು ಮೂರು ಎಂದರು. ಒಂದು ಸೈಕಲ್ಲು, ಒಂದು ಮೊಬೈಲು, ಮೂರನೆಯದು ಕಾರು ನಿಲ್ಲಿಸುವ ಜಾಗಕ್ಕೆ ಇಬ್ಬರು ನಿವೃತ್ತ ಅಧಿಕಾರಿಗಳು ಕೊರಳಪಟ್ಟಿ ಹಿಡಿದುಕೊಂಡದ್ದು. ಅದರ ಹಿಂದಿನ ವರ್ಷ ಐದಿತ್ತು, ಅಂದರೆ ಕಡಿಮೆಯಾಗಿದೆ.

ಸಭೆಯಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ಮನೆಯ ಮಗಳಿಗೆ ಬಂದ ವರ ನಿರಾಕರಿಸಿ ಹೋದಂತೆ ಮುಖ ಮಾಡಿ ಕೂತರು.

"ಅಂದ್ರೆ ನೀವು ಕಂಪ್ಲೇಂಟೇ ಬರ್ಕೊಳಲ್ಲ ಅಂತಾಯ್ತು," ಎಂದರು ಭಗವಂತರಾಯರು.

"ಆ ಮಾತಲ್ಲೂ ನಿಜ ಇದೆ ಸಾರ್. ಕೆಲವು ಕಡೆ ಬರ್ಕೊಳಲ್ಲ, ಕೆಲವರು ಬರೋದೇ ಇಲ್ಲ," ಎಂದರು ಬೃಂದಾ. "ಬರ್ಕೊಳ್ದೇ ಇರೋದು ಇಲ್ಲಿ ಯಾರ್ದಾದ್ರೂ ಇದ್ರೆ ಹೇಳಿ, ಈಗ್ಲೇ ಬರ್ಕೋತೀನಿ."

ಯಾರೂ ಏಳಲಿಲ್ಲ. ಆಕೆ ಹೋದ ಮೇಲೆ, ಪೊಲೀಸರೇ ಹೀಗೆ ಉದಾಸೀನ ಮಾಡಿದರೆ ನಮ್ಮ ಗತಿಯೇನು ಎಂದು ಅರ್ಧ ಗಂಟೆ ಚರ್ಚೆಯಾಯಿತು. ಸಂಜೆ ಕೋಲು ಹಿಡಿದು ಗಸ್ತು ತಿರುಗಲು ನಾಲ್ಕು ಜನರ ತಂಡ ರಚನೆಯಾಯಿತು. ಅದರಲ್ಲಿ ಇಬ್ಬರಿಗೆ ಆ ಕೋಲು ನಡೆಯಲಿಕ್ಕೇ ಬೇಕಿತ್ತು.

ಮಾರ್ಚ್ ತಿಂಗಳಲ್ಲಿ ಅಕ್ತರ್ ಕ್ಯಾಮೆರಾಗಳ ಧೂಳು ಒರೆಸಲು ಬಂದರು. ಬಿಸಿಲಿಗೆ ಟೋಪಿ, ಧೂಳಿಗೆ ಮಾಸ್ಕು. ಮೂರು ದಿನ ಮಧ್ಯಾಹ್ನ ಒಂದೊಂದೇ ಬೀದಿಯಲ್ಲಿ ತಲೆಯೆತ್ತಿ ನೋಡುತ್ತಾ ನಡೆದರು. ಅವರನ್ನು ಕರೆಸಿದ್ದ ಭಗವಂತರಾಯರು ಆಗ ಮೈಸೂರಿನಲ್ಲಿದ್ದರು. ಮೂರನೆಯ ದಿನ, ಹದಿನಾಲ್ಕನೇ ಕ್ಯಾಮೆರಾದಲ್ಲಿ ಬಿದ್ದ ಅವರ ಚಿತ್ರವನ್ನು ಯಾರೋ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು: "ಮೂರು ದಿನದಿಂದ ಈ ವ್ಯಕ್ತಿ ಎಲ್ಲ ಮನೆಗಳನ್ನೂ ಗಮನಿಸುತ್ತಿದ್ದಾನೆ. ಎಚ್ಚರ!"

ಅದನ್ನು ಕುಕ್ ಟೌನಿನಲ್ಲಿರುವ ನನ್ನ ಷಡ್ಡಕನಿಗೆ ಕಳಿಸಿದವನು ನಾನು. ನನ್ನ ಮೆಟ್ಟಿಲ ಮೇಲೆ ಎಷ್ಟೋ ಸಲ ಟೀ ಕುಡಿದ ಮನುಷ್ಯನನ್ನು ನಾನು ಗುರುತಿಸಲಿಲ್ಲ. ಮೇಲೊಂದು ಕೈಮುಗಿಯುವ ಚಿತ್ರವನ್ನೂ ಸೇರಿಸಿದ್ದೆ. ಯಾರಿಗೆ ಕೈಮುಗಿದೆನೋ ಈಗಲೂ ತಿಳಿಯದು.

ಚಿತ್ರ ಕೆ.ಆರ್. ಪುರ ತಲುಪುವಷ್ಟರಲ್ಲಿ ಒಬ್ಬ ವ್ಯಕ್ತಿ ನಾಲ್ವರ ಗ್ಯಾಂಗ್ ಆಗಿದ್ದ. ಸಂಜೆಯ ಹೊತ್ತಿಗೆ ಆ ಗ್ಯಾಂಗ್ ಮಕ್ಕಳನ್ನು ಹಿಡಿಯಲು ಶುರುಮಾಡಿತ್ತು. ಅಕ್ತರ್ ಅವರ ಹೆಂಡತಿ ಜಹನಾರಾ ಶಿವಾಜಿನಗರದ ಒಂದು ಶಾಲೆಯಲ್ಲಿ ಟೀಚರ್. ಶಾಲೆಯ ಗುಂಪಿಗೆ ಬಂದ ಚಿತ್ರವನ್ನು ಆಕೆ ದೊಡ್ಡದು ಮಾಡಿ ನೋಡಿದರು. ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ. ಹಾಕಿದ್ದು ತಾವೇ.

"ಯೇ ತುಮೀಚ್ ಹೈ ನಾ?" ಇದು ನೀವೇ ತಾನೇ, ಎಂದು ಗಂಡನ ಮುಂದೆ ಫೋನ್ ಹಿಡಿದರು.

ಅಕ್ತರ್ ನಕ್ಕರು. ಜಹನಾರಾ ನಗಲಿಲ್ಲ. ಇಂಥದೇ ಸಂದೇಶಗಳನ್ನು ನಂಬಿದ ಜನ ದಾರಿಹೋಕರನ್ನು ಹಿಡಿದು ಬಡಿದ ಸುದ್ದಿಗಳನ್ನು ಆಕೆ ಓದಿದ್ದರು. ಹೆಸರು ಕೇಳುವ ಮೊದಲು ಹೊಡೆಯುತ್ತಾರೆ, ಹೆಸರು ಕೇಳಿದ ಮೇಲೆ ಇನ್ನೂ ಹೊಡೆಯುತ್ತಾರೆ ಎಂದರು. ಎರಡು ದಿನ ಅಕ್ತರ್ ಮನೆಯಿಂದ ಹೊರಗೆ ಹೋಗಲಿಲ್ಲ. ಒಂಬತ್ತು ವರ್ಷ ಬೇರೆಯವರ ಭಯಕ್ಕೆ ತಂತಿ ಎಳೆದಿದ್ದ ಮನುಷ್ಯ ಮೊದಲ ಸಲ ತನ್ನ ಬಾಗಿಲಿನ ಚಿಲಕವನ್ನು ಎರಡೆರಡು ಸಲ ನೋಡಿದರು.

ಮೂರನೆಯ ದಿನ ಬೈಯಪ್ಪನಹಳ್ಳಿಯ ಒಂದು ಅಪಾರ್ಟ್‌ಮೆಂಟಿನಿಂದ ಕರೆ ಬಂತು. ತುರ್ತಾಗಿ ಎಂಟು ಕ್ಯಾಮೆರಾ ಬೇಕಂತೆ. ಅಕ್ತರ್ ಟೋಪಿ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಅಲ್ಲಿನ ಕಾರ್ಯದರ್ಶಿ ಕಾಫಿ ಕೊಟ್ಟು ಕೂರಿಸಿ ಫೋನ್ ತೆಗೆದರು.

"ಇವನೇ ನೋಡಿ. ಇವನಿಗೋಸ್ಕರಾನೇ ಕ್ಯಾಮೆರಾ. ಈ ಕಡೆ ಬಂದ್ರೆ ಮುಖ ನೀಟಾಗಿ ಕಾಣ್ಬೇಕು."

ಅಕ್ತರ್ ನೋಡಿದರು. "ಸಾರ್, ಇದು ನಾನೇ," ಎಂದರು.

"ತಮಾಷೆ ಮಾಡ್ಬೇಡ್ರೀ."

"ತಮಾಷೆ ಅಲ್ಲ ಸಾರ್. ಕ್ಯಾಮೆರಾ ಕ್ಲೀನ್ ಮಾಡ್ತಾ ಇದ್ದೆ. ಅದೇ ಬ್ಯಾಗು ನೋಡಿ, ಇಲ್ಲೇ ಇದೆ."

ಆ ಮನುಷ್ಯ ಬ್ಯಾಗು ನೋಡಿದರು, ಚಿತ್ರ ನೋಡಿದರು, ಅಕ್ತರ್ ಮುಖ ನೋಡಿದರು. "ಇಲ್ಲ ಇಲ್ಲ. ಇಂಥ ಬ್ಯಾಗು ಎಲ್ಲರ ಹತ್ರಾನೂ ಇರತ್ತೆ. ನಿಮ್ದು ಡೀಸೆಂಟ್ ಮುಖ ರೀ. ಇವನ ಕಣ್ಣು ನೋಡಿ, ಪಕ್ಕಾ ಕಳ್ಳನ ಕಣ್ಣು," ಎಂದು ತೀರ್ಪು ಕೊಟ್ಟರು. ಅಕ್ತರ್ ಮತ್ತೆ ಎರಡು ಸಲ ತಪ್ಪೊಪ್ಪಿಕೊಂಡರು. ಕಾರ್ಯದರ್ಶಿ ಒಪ್ಪಲಿಲ್ಲ. ಒಪ್ಪಿದರೆ ಎಂಟು ಕ್ಯಾಮೆರಾಗಳ ಠರಾವನ್ನು ರದ್ದು ಮಾಡಬೇಕಾಗುತ್ತಿತ್ತು.

"ಹಾಕ್ದೆ ಸಾರ್, ಏನ್ಮಾಡ್ಲಿ?" ಎಂದು ಆಮೇಲೆ ನನಗೆ ಹೇಳಿದರು. "ನನ್ನನ್ನ ಹಿಡಿಯೋಕೆ ನಾನೇ ಆಂಗಲ್ ಸೆಟ್ ಮಾಡ್ದೆ."

ಮೈಸೂರಿನಿಂದ ಬಂದ ಭಗವಂತರಾಯರನ್ನು ಅಕ್ತರ್ ನೇರವಾಗಿ ಹೋಗಿ ಕಂಡರು. ರಾಯರಿಗೆ ನಾಚಿಕೆಯಾಯಿತು, ಮನುಷ್ಯ ಕೆಟ್ಟವರಲ್ಲ. ಕೂಡಲೇ ಸ್ಪಷ್ಟನೆ ಬರೆದರು: "ಚಿತ್ರದಲ್ಲಿ ಇರುವವರು ನಮ್ಮ ಕ್ಯಾಮೆರಾ ಅಕ್ತರ್. ಒಳ್ಳೆಯವರು. ಆದರೂ ಎಚ್ಚರಿಕೆಯಿಂದ ಇರುವುದು ಕ್ಷೇಮ." ಚಿತ್ರ ಕೆ.ಆರ್. ಪುರ ದಾಟಿ ಹೋಗಿತ್ತು. ಸ್ಪಷ್ಟನೆ ಬಡಾವಣೆಯ ಗೇಟು ದಾಟಲಿಲ್ಲ. ನಾನು ಅದನ್ನು ಷಡ್ಡಕನಿಗೆ ಕಳಿಸಿದೆ. ಅವನು ಉತ್ತರಿಸಿದ: "ಒತ್ತಡ ಹಾಕಿ ಬರೆಸಿರ್ತಾರೆ."

ಆ ವಾರವೇ ಸೀತಾಲಕ್ಷ್ಮಿ ಅಕ್ತರ್‌ಗೆ ಫೋನ್ ಮಾಡಿದರು. ಆರನೇ ಅಡ್ಡರಸ್ತೆಯಲ್ಲಿ ತಂಗಿಯ ಜೊತೆ ಇರುವ ಆಕೆ ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು, ಹೆಚ್ಚು ಮಾತಿಲ್ಲದ ಹೆಂಗಸು. ಕ್ಯಾಮೆರಾ ಸರಿಯಿಲ್ಲ ಎಂದು ಕರೆಸಿದರು. ಕ್ಯಾಮೆರಾ ಸರಿಯಾಗಿಯೇ ಇತ್ತು.

"ಫೋನಲ್ಲಿ ಬಂದವರು ನಿಮ್ಮ ಕ್ಯಾಮೆರಾಕ್ಕೆ ಸಿಗ್ತಾರಾ?" ಎಂದು ಆಕೆ ಕೇಳಿದರು.

ನಿಧಾನವಾಗಿ ವಿಷಯ ಹೊರಬಂತು. ತಂಗಿ ಊರಲ್ಲಿಲ್ಲದಾಗ ಪೊಲೀಸ್ ಸಮವಸ್ತ್ರದ ಒಬ್ಬ ವಿಡಿಯೊ ಕರೆ ಮಾಡಿದ್ದ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕ್ಯಾಮೆರಾ ಮುಂದಿನಿಂದ ಏಳಬಾರದು ಎಂದು ಎರಡು ದಿನ ಕೂರಿಸಿದ್ದ. ನಿವೃತ್ತಿಯ ದುಡ್ಡಿನ ಮುಕ್ಕಾಲು ಪಾಲು ಹೋಗಿತ್ತು. ಆಕೆ ಅಡುಗೆಮನೆಯಲ್ಲಿ ಕೂತು ಖಾತೆಯ ಅಂಕಿ ಒತ್ತುತ್ತಿದ್ದಾಗ ಕಿಟಕಿಯಾಚೆ ನಮ್ಮ ಗಸ್ತಿನ ತಂಡ ಕೋಲು ಕುಟ್ಟುತ್ತಾ ಹಾದುಹೋಗಿತ್ತು. ನಾಲ್ಕು ತಿಂಗಳಾಗಿತ್ತು. ತಂಗಿಗೂ ಹೇಳಿರಲಿಲ್ಲ.

"ಯಾರ್ಗಾದ್ರೂ ಹೇಳ್ಬೇಕಿತ್ತು ಅಮ್ಮಾ."

"ಹೇಳಿದ್ರೆ ಗ್ರೂಪಲ್ಲಿ ನನ್ನ ಫೋಟೋ ಬರತ್ತೆ. ಓದಿದವಳು, ಹೀಗೆ ಮೋಸ ಹೋದ್ಲು ಅಂತ ಎಪ್ಪತ್ತು ಮನೆಯವರು ನಗ್ತಾರೆ. ನಿಮ್ಮ ಫೋಟೋ ಬಂದ ಮೇಲೂ ನೀವು ಬೀದಿಗೆ ಬಂದ್ರಲ್ಲ, ಅದಕ್ಕೆ ನಿಮ್ಗೆ ಹೇಳ್ದೆ."

ಅಕ್ತರ್ ಆಕೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಠಾಣೆಗೆ ಹೋದರು. ಬೃಂದಾ ಬೈಯಲಿಲ್ಲ. ದೂರು ಬರೆದುಕೊಂಡು, ಮೊದಲ ದಿನವೇ ಬಂದಿದ್ದರೆ ಹೆಚ್ಚು ಸಿಗುತ್ತಿತ್ತು ಎಂದಷ್ಟೇ ಹೇಳಿದರು. ಕೊನೆಗೆ ಒಂದು ಖಾತೆಯಲ್ಲಿ ತಡೆಹಿಡಿದ ಸಣ್ಣ ಮೊತ್ತ ಮಾತ್ರ ವಾಪಸಾಯಿತು. ಉಳಿದದ್ದು ಹೋದದ್ದೇ.

ಆದರೆ ಬಡಾವಣೆಯ ಅಪರಾಧಗಳ ಲೆಕ್ಕ ಏರಿತು. ಮುಂದಿನ ಸಭೆಯಲ್ಲಿ ಭಗವಂತರಾಯರು ಗೆದ್ದ ದನಿಯಲ್ಲಿ ಹೇಳಿದರು: "ನಾನು ಹೇಳ್ತಾನೇ ಇದ್ದೆ, ಕೇಳಿದ್ರಾ? ಈ ವರ್ಷ ಭಾರಿ ವಂಚನೆ ಕೇಸು ದಾಖಲಾಗಿದೆ, ನಮ್ಮಲ್ಲೇ!" ಪರಿಹಾರವಾಗಿ ಕಾಂಪೌಂಡು ಗೋಡೆಯನ್ನು ಎರಡು ಅಡಿ ಎತ್ತರಿಸುವ ಠರಾವು ಮಂಡಿಸಿದರು.

ಸೀತಾಲಕ್ಷ್ಮಿ ಎದ್ದು ನಿಂತರು. "ಆ ಕೇಸು ನಂದು," ಎಂದರು. "ಅವನು ಗೋಡೆ ಹಾರಿ ಬರ್ಲಿಲ್ಲ. ಫೋನಲ್ಲಿ ಬಂದ. ಗೋಡೆ ಎತ್ರ ಮಾಡಿ ಏನ್ ಮಾಡ್ತೀರಿ?"

ಯಾರೂ ನಗಲಿಲ್ಲ, ಅದೊಂದು ಸಮಾಧಾನ. ಒಬ್ಬರು ನೀರು ತಂದುಕೊಟ್ಟರು. ಆಮೇಲೆ ಠರಾವನ್ನು ಮತಕ್ಕೆ ಹಾಕಿದರು. ವಿರುದ್ಧ ಇಬ್ಬರು, ಸೀತಾಲಕ್ಷ್ಮಿ ಮತ್ತು ನಾನು. ಗೋಡೆ ಈಗ ಎಂಟು ಅಡಿ ಇದೆ. ನಮ್ಮ ಅಡುಗೆಮನೆಗೆ ಬೆಳಗಿನ ಬಿಸಿಲು ಬರುವುದಿಲ್ಲ.

ಜೂನ್‌ನಲ್ಲಿ ಜಹನಾರಾ ಸೀತಾಲಕ್ಷ್ಮಿಯವರನ್ನು ತಮ್ಮ ಶಾಲೆಯ ಪೋಷಕರ ಸಭೆಗೆ ಕರೆದರು. ಎಂದೂ ವೇದಿಕೆ ಏರದ, ಮೈಕು ಹಿಡಿಯದ ಆಕೆ ಒಂದು ಮರದ ಕುರ್ಚಿಯಲ್ಲಿ ಕೂತು ತಮಗೆ ಆದದ್ದನ್ನು ಆದ ಹಾಗೇ ಹೇಳಿದರು. ಕನ್ನಡ ತಿಳಿಯದ ತಾಯಂದಿರಿಗೆ ಜಹನಾರಾ ಪಕ್ಕದಲ್ಲಿ ನಿಂತು ಉರ್ದುವಿನಲ್ಲಿ ಹೇಳಿದರು. ಮುಗಿದ ಮೇಲೆ ಮೂವರು ಹೆಂಗಸರು ಹೊರಡದೆ ಕೂತೇ ಇದ್ದರು. ಅವರಿಗೂ ಇಂಥದೇ ಮೋಸ ಆಗಿತ್ತು. ಒಬ್ಬಾಕೆಗೆ ಎರಡು ವರ್ಷದ ಹಿಂದೆಯೇ ಆಗಿತ್ತು, ಗಂಡನಿಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ತರ್ ಅಂಗಡಿಯ ಬಾಗಿಲು ತೆರೆಯದೆ ಆಟೋ ಕರೆದರು. ಮೂವರು ಹೆಂಗಸರು ಒಳಗೆ ಒತ್ತಿಕೊಂಡು ಕೂತರು, ಅಕ್ತರ್ ಡ್ರೈವರ್ ಪಕ್ಕ ಕೂತರು. ಸೀತಾಲಕ್ಷ್ಮಿ ಠಾಣೆಯ ಮೆಟ್ಟಿಲ ಬಳಿ ಕಾಯುತ್ತಿದ್ದರು. ಆ ತಿಂಗಳು ನಗರದ ಪೂರ್ವ ಭಾಗದಲ್ಲಿ ಅಪರಾಧಗಳ ಲೆಕ್ಕ ಮೂರು ಹೆಚ್ಚಾಯಿತು.