ಮಡ್‌ಗಾರ್ಡಿಗೆ ಮೆತ್ತಿದ ಬೆಲ್ಲ

ಸೀಳು ಟ್ರೇಲರಿನ ಬಲಗಡೆಯ ಮಡ್‌ಗಾರ್ಡಿನಲ್ಲಿತ್ತು. ಎಡಗಡೆ ಎಂದು ಮೊದಲು ಬರೆದು ಹೊಡೆದುಹಾಕಿದ್ದೇನೆ. ಬಾಗಿಲ ಮೆಟ್ಟಿಲ ಮೇಲೆ ಕೂತು ಜೋಳ ಹಸನು ಮಾಡುವಾಗ ಆ ತಗಡು ನನ್ನ ಮೊಣಕೈಗೆ ತಾಗಿ ಸುಡುತ್ತಿತ್ತು. ಯಾವ ಮೊಣಕೈ? ನೆನಪನ್ನು ಕೇಳಿದರೆ ಅದು ಥಟ್ಟನೆ ಉತ್ತರ ಕೊಡುತ್ತದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಬಲಗಡೆ ಎಂದೇ ಇಟ್ಟುಕೊಳ್ಳುತ್ತೇನೆ.

ದೊಡ್ಡ ಯುದ್ಧ ಮುಗಿದ ಮೇಲಿನ ಬೇಸಿಗೆ. ಸೈನ್ಯದವರು ಬೇಡವೆಂದು ಮಾರಿದ ಎರಡು ಗಾಲಿಯ ಟ್ರೇಲರೊಂದನ್ನು ನನ್ನ ಗಂಡನ ಸರಕಾರಿ ಖಾತೆಯವರು ಕೊಂಡಿದ್ದರು. ಬಡಿಗನೊಬ್ಬ ಅದರ ಮೇಲೆ ಹಲಗೆ ನಿಲ್ಲಿಸಿ, ತಗಡು ಹೊದಿಸಿ, ಒಂದು ಬಾಗಿಲು, ಒಂದು ಜಾಳಿಗೆಯ ಕಿಟಕಿ ಇಟ್ಟುಕೊಟ್ಟಿದ್ದ. ಒಳಗೆ ಎದುರುಬದುರು ಎರಡು ಹಲಗೆಯ ಮಂಚ, ನಡುವೆ ಒಬ್ಬರು ಅಡ್ಡವಾಗಿ ನಿಲ್ಲುವಷ್ಟು ಜಾಗ. ಇಬ್ಬರೂ ಒಮ್ಮೆಗೇ ಎದ್ದರೆ ಒಬ್ಬರು ಮತ್ತೆ ಕೂರಬೇಕು. ಊರೂರಿಗೆ ಹೋಗಿ ದನಗಳಿಗೆ ರೋಗ ಬಾರದಂತೆ ಸೂಜಿ ಹಾಕುವುದು ನನ್ನ ಗಂಡನ ಕೆಲಸ. ಖಾತೆಯ ಜೀಪು ಟ್ರೇಲರನ್ನು ಎಳೆದು ತಂದು ಒಂದೂರಿನ ಬಯಲಿನಲ್ಲಿ ಬಿಟ್ಟು ಹೋಗುತ್ತಿತ್ತು. ಎಂಟೋ ಹತ್ತೋ ದಿನಕ್ಕೆ ಬಂದು ಮುಂದಿನೂರಿಗೆ ಒಯ್ಯುತ್ತಿತ್ತು. ಜನ ಅದಕ್ಕೆ ‘ತಗಡಿನ ಮನಿ’ ಅನ್ನುತ್ತಿದ್ದರು.

ಗೋಕಾಕದ ಅತ್ತೆಯ ಮನೆಯಲ್ಲಿ ನಾವು ಹದಿನಾಲ್ಕು ಜನ. ಹಗಲು ಹೊತ್ತು ಗಂಡನ ಜೊತೆ ಮಾತಾಡುವ ಪದ್ಧತಿ ಅಲ್ಲಿರಲಿಲ್ಲ. ಅವರಿಗೆ ನೀರು ಬೇಕಾದರೆ ನಾದಿನಿಗೆ ಹೇಳುತ್ತಿದ್ದರು, ನಾದಿನಿ ನನಗೆ ಹೇಳುತ್ತಿದ್ದಳು, ನಾನು ತಂಬಿಗೆ ತುಂಬಿ ನಾದಿನಿಯ ಕೈಗೇ ಕೊಡುತ್ತಿದ್ದೆ. ಮದುವೆಯಾಗಿ ಎರಡು ವರ್ಷ ಹೀಗೇ ಕಳೆದಿತ್ತು. ಕಂಡಕಂಡಲ್ಲಿ ಉಂಡು ಅವರ ಹೊಟ್ಟೆ ಕೆಟ್ಟಿತು. ಆಗ ಅವರ ಸಾಹೇಬರೇ ‘ಅಡಿಗಿಗೆ ಮನ್ಯಾಕಿನ್ನ ಕರಕೊಂಡ ಹೋಗ್ರಿ’ ಎಂದರು. ಅತ್ತೆ ಒಪ್ಪಿದರು, ಒಂದು ಮಾತಿನ ಮೇಲೆ: ತಗಡಿನ ಮನೆ ಇರುವತನಕ. ಅದಿಲ್ಲದಿದ್ದರೆ ನನ್ನ ಗಂಡ ಊರ ಚಾವಡಿಯಲ್ಲಿ ಗಂಡಸರ ನಡುವೆ ಮಲಗಬೇಕು. ಅಲ್ಲಿ ನನಗೆ ಜಾಗವಿಲ್ಲ.

ಹುಕ್ಕೇರಿಯಲ್ಲಿ ಹತ್ತು ದಿನ ಇದ್ದೆವು. ಆಮೇಲೆ ಕಣಗಲಾ. ಕಣಗಲಾದಲ್ಲಿ ಒಂದು ಮುಂಜಾನೆ ಸಂತೆಯ ಚೀಲ ಕೈಯಲ್ಲಿ ಹಿಡಿದು ಅವರು ಕೇಳಿದರು: “ನಿನಗ ಯಾವ ಪಲ್ಯೆ ಸೇರ್ತೈತಿ?”

ಎರಡು ವರ್ಷ ಬಾಳಿದ ಹೆಂಡತಿಗೆ. ನಾನು ಗಾಬರಿಯಾಗಿ, “ಯಾವುದಾದ್ರೂ ನಡೀತೈತ್ರಿ” ಅಂದೆ.

“‘ಯಾವುದಾದ್ರೂ’ ಅನ್ನೂ ಪಲ್ಯೆ ಯಾರ ಹೊಲದಾಗ ಬೆಳೀತೈತಿ ಹೇಳು, ಕಿತ್ಕೊಂಡ ಬರ್ತೇನಿ.”

ನಾನು ನಕ್ಕೆ. ಗಂಡನ ಎದುರು ಬಾಯಿಗೆ ಸೆರಗು ಹಿಡಿಯದೆ ನಕ್ಕದ್ದು ಅದೇ ಮೊದಲು ಎಂದು ಬರೆಯಬೇಕೆನ್ನಿಸುತ್ತದೆ. ಹುಕ್ಕೇರಿಯಲ್ಲೂ ನಕ್ಕಿದ್ದಿರಬಹುದು. ಮೊದಲನೆಯದು ಯಾವುದೆಂದು ನಗುವಾಗ ಯಾರು ಲೆಕ್ಕ ಇಡುತ್ತಾರೆ?

ಕಣಗಲಾದಿಂದ ನನ್ನ ತವರು ಬೆಲ್ಲದ ಬಾಗೇವಾಡಿ. ಅವ್ವ ಹೊರಡುವಾಗ ಒಂದು ಪೆಂಟೆ ಬೆಲ್ಲ ಕಟ್ಟಿಕೊಟ್ಟಳು. ಅಲ್ಲಿಂದ ತುಕ್ಕಾನಟ್ಟಿಗೆ ಹೋಗಿ ಎರಡು ದಿನ ನಿಲ್ಲುವುದು, ಆಮೇಲೆ ಮೂಡಲಗಿ. ಮೂಡಲಗಿಯಲ್ಲಿ ಮಳೆ ಹಿಡಿಯುವತನಕ, ಅಂದರೆ ಎರಡು ತಿಂಗಳು. ಅವರು ಮುಂಚೆಯೇ ಹೋಗಿ ಜಾಗ ನೋಡಿ ಬಂದಿದ್ದರು. “ಒಂದ ಬೇವಿನ ಗಿಡ ಐತಿ, ಬಾಜೂಕ ಸೀನೀರ ಬಾವಿ. ಒಲಿ ಹೊರಗ ಹೂಡೂಣು” ಅಂದಿದ್ದರು. ಆ ಬೇವಿನ ಗಿಡದ ನೆರಳು ಎಲ್ಲಿಯತನಕ ಬೀಳುತ್ತದೆ, ಒಲೆಯ ಹೊಗೆ ಎತ್ತ ಹೋಗುತ್ತದೆ, ಎಲ್ಲ ನನಗೆ ಗೊತ್ತಿತ್ತು. ಈಗಲೂ ಗೊತ್ತು. ನಾನು ಅದನ್ನು ನೋಡಿಲ್ಲ.

ಬಾಗೇವಾಡಿ ಬಿಟ್ಟದ್ದು ಭಾನುವಾರ ಮುಂಜಾನೆ. ಗೋಕಾಕ ದಾಟಿದ ಮೇಲೆ ಹೊಳೆಯ ದಂಡೆಯಲ್ಲಿ ಜೀಪು ನಿಲ್ಲಿಸಿದೆವು. ಡ್ರೈವರ್ ಹಿಂದೆ ಹೋಗಿ ಗಾಲಿ ಒದ್ದು ನೋಡುತ್ತಿದ್ದವನು ಕುಕ್ಕರಗಾಲಲ್ಲಿ ಕೂತುಬಿಟ್ಟ.

“ಅಕ್ಕಾರ, ಇಲ್ಲಿ ಬರ್ರಿ. ನಿಮ್ಮ ಮನಿ ಬಿರಕ ಬಿಟ್ಟೈತಿ.”

ಮಡ್‌ಗಾರ್ಡನ್ನು ಗಟ್ಟಿ ಹಿಡಿಯುವ ಬೋಲ್ಟಿನ ತೂತಿನಿಂದ ಹೊರಟ ಸೀಳು ಒಂದು ಗೇಣು ಮೇಲೆ ಹೋಗಿತ್ತು. ಬೆರಳಿನಿಂದ ಒತ್ತಿದರೆ ಎರಡೂ ಅಂಚು ಬೇರೆಬೇರೆಯಾಗಿ ಅಲುಗುತ್ತಿದ್ದವು.

“ಇದು ಹರಿದ ಬಿತ್ತಂದ್ರ ಟಾಯರ್ ಕೊಯ್ತೈತ್ರಿ, ಬದನಿಕಾಯಿ ಕೊಯ್ದಂಗ” ಅಂದ ಡ್ರೈವರ್.

ಟಾಯರು ಆ ದಿನಗಳಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಮರುದಿನ, ಸೋಮವಾರ, ಸಾಹೇಬರು ತುಕ್ಕಾನಟ್ಟಿಗೆ ತಪಾಸಣೆಗೆ ಬರುವವರಿದ್ದರು. ಟ್ರೇಲರು ನೆಟ್ಟಗಿಲ್ಲ ಎನಿಸಿದರೆ ಅದನ್ನು ಬೆಳಗಾವಿಯ ಗೋದಾಮಿಗೆ ಕಳಿಸುತ್ತಾರೆ. ಅದು ಬೆಳಗಾವಿಗೆ ಹೋದರೆ ನಾನು ಗೋಕಾಕಕ್ಕೆ.

“ತುಕ್ಕಾನಟ್ಟ್ಯಾಗ ಕಮ್ಮಾರ ಅದಾನು. ಲಗೂನ ಹೋದ್ರ ಇವತ್ತs ಮಾಡಿಸಬೌದು” ಅಂದರು ನನ್ನ ಗಂಡ.

ಆಗ ನಾನು ಅಂದದ್ದು: “ಒಂದ ರೊಟ್ಟಿ ಉಂಡ ಹೋಗೂಣಲ್ರಿ.”

ಈ ಮಾತು ಅಂದದ್ದು ನಾನೇ. ಇದನ್ನು ಡ್ರೈವರನ ಬಾಯಿಗೆ ಹಾಕಿ ಒಮ್ಮೆ ಬರೆದು ನೋಡಿದೆ, ಚೆನ್ನಾಗಿ ಕೂತಿತು. ಆದರೆ ನಾನೇ. ಹೊಳೆ ಬತ್ತಿ ನಡುವೆ ಸಣ್ಣಗೆ ಹರಿಯುತ್ತಿತ್ತು. ಅವರು ಧೋತರ ಮೇಲೆತ್ತಿ ನೀರಿನಲ್ಲಿ ನಿಂತು ರೊಟ್ಟಿ ತಿಂದರು. ನಾನೂ ನಿಂತೆ. ಡ್ರೈವರ್ ಜಾಲಿಯ ಗಿಡದ ಕೆಳಗೆ ಟವೆಲು ಮುಖದ ಮೇಲೆ ಹಾಕಿ ಮಲಗಿದ. ಎಷ್ಟು ಹೊತ್ತು? ಒಂದು ತಾಸೋ, ಎರಡೋ. ಅವರು ಏನೋ ಹೇಳುತ್ತಿದ್ದರು. ಆ ಮಾತುಗಳಲ್ಲಿ ಒಂದೂ ನನ್ನ ಬಳಿ ಉಳಿದಿಲ್ಲ. ನೀರಿನಡಿಯಲ್ಲಿ ಅವರ ಪಾದ ಎಷ್ಟು ಬೆಳ್ಳಗಿತ್ತು ಎಂಬುದಿದೆ.

ತುಕ್ಕಾನಟ್ಟಿಯ ಕಮ್ಮಾರ ವಯಸ್ಸಾದವನು. ನಾವು ಹೋದಾಗ ಕಬ್ಬಿಣ ಬಡಿಯುವ ಅಡಿಗಲ್ಲು ತೊಳೆದು ವಿಭೂತಿ ಹಚ್ಚುತ್ತಿದ್ದ. ಕುಲುಮೆಯ ಬೂದಿ ತೆಗೆದು ನೀರು ಚಿಮುಕಿಸಿಯಾಗಿತ್ತು.

“ಈಗ ಬಂದ್ರ್ಯಾ? ಈಗs ಅಮಾಸಿ ಕೂಡ್ತು. ಇನ್ನ ಕುಲುಮಿಗೆ ಬೆಂಕಿ ಇಲ್ಲ. ನಾಳಿ ಅಮಾಸಿ ಮುಗಿಯೂದರಾಗ ಹೊತ್ತ ಇಳಿದಿರ್ತೈತಿ. ಮಂಗಳವಾರ ಮುಂಜಾನಿ ಬರ್ರಿ.”

“ಸುತಿಗಿ ಒಂದಿಷ್ಟು ಮುಟ್ಟಿದ್ರ ಸಾಕು, ಯಜ್ಜಾ” ಅಂದೆ.

“ಮುಟ್ಟಾಂಗಿಲ್ಲವ್ವಾ. ಅದೂ ತಿಂಗಳಿಗೊಂದ ದಿನ ಉಸರಾಡ್ಲಿ.” ಎದ್ದು ಬಂದು ಮಡ್‌ಗಾರ್ಡನ್ನು ಸುತ್ತುಹಾಕಿ ನೋಡಿದ. “ನನಗ ತಿಳೀದs ಕೇಳತೇನಿ, ಇದು ಯಾಕ ಬೇಕು? ನಮ್ಮ ಚಕ್ಕಡಿ ಗಾಲಿಗೆ ಎಲ್ಲೈತಿ ಟೊಪ್ಪಿಗಿ? ಬಿಚ್ಚಿ ಒಗೀರಿ.”

“ಸರಕಾರದ್ದೈತ್ರಿ. ಪಟ್ಟಿಯೊಳಗ ಎರಡ ಮಡಗಾಡು ಅಂತ ಬರದಾರು” ಅಂದರು ನನ್ನ ಗಂಡ.

“ಹಂಗಾರ ಸರಕಾರನs ಕರಸ್ರಿ ಬೆಸೀಲಿಕ್ಕೆ” ಅಂದು ಆತ ಮತ್ತೆ ವಿಭೂತಿಯ ಕಡೆಗೆ ತಿರುಗಿದ. ನಾವು ಒಂದು ತಾಸು ಮುಂಚೆ ಬಂದಿದ್ದರೆ ಬೆಂಕಿ ಇರುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ. ರೊಟ್ಟಿಯ ಮಾತು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಒಮ್ಮೆಯಾದರೂ ಬೈದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತೇನೋ.

ನಮ್ಮ ತವರಿನಲ್ಲಿ ಗಡಿಗೆ ಬಿರುಕು ಬಿಟ್ಟರೆ ಎಸೆಯುವುದಿಲ್ಲ. ಬೆಲ್ಲಕ್ಕೆ ಸುಣ್ಣ ಹಾಕಿ ತಿಕ್ಕಿ, ಅದರಲ್ಲಿ ಹಳೆಯ ಅರಿವೆಯ ಚೂರು ಅದ್ದಿ ಮೆತ್ತುತ್ತಾರೆ. ಒಣಗಿದರೆ ಕಲ್ಲು. ನಾನು ಅವ್ವ ಕೊಟ್ಟ ಪೆಂಟೆ ಒಡೆದೆ.

“ಏನ ಮಾಡಾಕತ್ತಿ?” ಅಂದರು ಅವರು.

“ನಿಮ್ಮ ಸರಕಾರಕ್ಕ ಹೋಳಿಗಿ.”

ಅವರು ಜೋರಾಗಿ ನಕ್ಕು, ತೋಳು ಮೇಲೇರಿಸಿ ಎದುರಿಗೆ ಕೂತರು. ಒಬ್ಬರು ಸೀಳಿನ ಅಂಚು ಸೇರಿಸಿ ಹಿಡಿಯುವುದು, ಒಬ್ಬರು ಮೆತ್ತುವುದು. ಒಣಗಿದ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಮೇಲೆ ಸವರಿದೆವು. ದೂರದಿಂದ ಏನೂ ಗೊತ್ತಾಗುತ್ತಿರಲಿಲ್ಲ. ಹತ್ತಿರದಿಂದಲೂ, ನನ್ನ ಕಣ್ಣಿಗೆ. ಅವರ ಹಣೆಯ ಮೇಲೆ ನನ್ನ ಹೆಬ್ಬೆಟ್ಟಿನ ಕಪ್ಪು ಇತ್ತು, ಅವರಿಗೆ ಹೇಳಲಿಲ್ಲ. ಅದು ಹೇಗೆ ಅಲ್ಲಿಗೆ ಹೋಯಿತೆಂದು ಇಲ್ಲಿ ಬರೆಯುವುದೂ ಇಲ್ಲ.

ಒಂದು ಸಂಗತಿ ನನ್ನ ತಲೆಗೆ ಬಂದಿರಲಿಲ್ಲ. ಸೋಮವಾರ ಬಸವಣ್ಣನ ದಿನ, ನಮ್ಮ ಕಡೆ ಅಂದು ಯಾರೂ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಹೂಟೆ ಇಲ್ಲದ ದಿನವೆಂದು ಊರ ಎತ್ತುಗಳೆಲ್ಲ ಅಂದೇ ಸೂಜಿ ಹಾಕಿಸಿಕೊಳ್ಳಲು ಬಂದವು. ಬಯಲು ತುಂಬಾ ಕೋಡು. ಮೊದಲಿಗೆ ಒಂದು ಬಿಳಿಯ ಎತ್ತು ಮಡ್‌ಗಾರ್ಡಿನ ಹತ್ತಿರ ಬಂದು ಮೂಸಿತು. ನಾಲಿಗೆ ಹಚ್ಚಿತು. ಅದು ಬಿಟ್ಟು ಹೋಗಲೊಲ್ಲದೆ ನಿಂತದ್ದನ್ನು ನೋಡಿ ಎರಡನೆಯದು ಬಂತು. ನಾನು ಸೌಟು ಹಿಡಿದು ಓಡಿ ಬಂದು “ಹೋಯ್, ಹೋಯ್” ಅಂದೆ. ಎತ್ತಿನ ಯಜಮಾನ, “ಹೊಡೀಬ್ಯಾಡ್ರವ್ವಾ, ಇವತ್ತ ಸೋಮಾರ” ಅಂದ. ಸೌಟು ಇಳಿಸಿದೆ. ಬಸವಣ್ಣನ ದಿನ ಬಸವಣ್ಣನ ಮೇಲೆ ಕೈ ಎತ್ತುವ ಮನೆತನದಲ್ಲಿ ನಾನು ಹುಟ್ಟಿರಲಿಲ್ಲ. ಕೊರಳಲ್ಲಿ ಲಿಂಗ ಇತ್ತು. ನಿಂತು ನೋಡಿದೆ, ಅಷ್ಟೆ.

ಸಾಹೇಬರು ಬಂದಾಗ ಮೂರು ಎತ್ತುಗಳು ತಲೆಗೆ ತಲೆ ತಾಗಿಸಿ ನೆಕ್ಕುತ್ತಿದ್ದವು. ಕಾಡಿಗೆಯಿಂದ ಅವುಗಳ ಮೂತಿಯೆಲ್ಲ ಕಪ್ಪು.

“ಏನ್ರಿ ಇದು? ಔಷಧ ಸೂಜಿಯೊಳಗ ಕೊಡ್ತೀರೋ, ಗಾಲಿಗೆ ಹಚ್ಚಿ ಕೊಡ್ತೀರೋ?” ಸಾಹೇಬರು ಹತ್ತಿರ ಹೋಗಿ, ಬೆರಳಿಂದ ಕೆರೆದು, ಬಾಯಿಗೆ ಇಟ್ಟುಕೊಂಡರು. “ಬೆಲ್ಲ!”

“ನಾನs ಮೆತ್ತೇನ್ರಿ” ಅಂದರು ನನ್ನ ಗಂಡ.

“ಸುಳ್ಳ ಹೇಳಬ್ಯಾಡ್ರಿ, ಗಂಡಸರಿಗೆ ಇಷ್ಟು ನುಣ್ಣಗ ಬರೂದಿಲ್ಲ.” ನನ್ನ ಕಡೆ ತಿರುಗಿದರು. “ಬಾಗೇವಾಡಿ ಬೆಲ್ಲ ಏನವ್ವಾ? ಛಲೋ ಐತಿ.”

ಕೆಟ್ಟ ಮನುಷ್ಯನಾಗಿದ್ದರೆ ಇಷ್ಟು ಹೊತ್ತಿಗೆ ಅವರ ಮೇಲಿನ ಸಿಟ್ಟಿನಲ್ಲಾದರೂ ಹಗುರಾಗುತ್ತಿದ್ದೆ. ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು, ನನ್ನ ಕೈಯಿಂದ ಮಜ್ಜಿಗೆ ಇಸಿದುಕೊಂಡು ಕುಡಿದರು, ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ಒತ್ತಿದರು. ತಗಡು ಬಾಯಿ ತೆರೆಯಿತು. ಆಮೇಲೆ ಮೆಲ್ಲಗೆ, “ಟಾಯರ್ ಹೋದ್ರ ನಾ ಎಲ್ಲಿಂದ ತರ್ಲಿ? ಬೆಳಗಾವಿಗೆ ಕಳಸ್ರಿ. ಎಂಟ ದಿನದಾಗ ರಿಪೇರಿ ಆಗಿ ಬರ್ತೈತಿ. ಅಲ್ಲೀತನಕ ಮೂಡಲಗಿ ಚಾವಡ್ಯಾಗ ಇರ್ರಿ” ಅಂದರು.

ಎಂಟು ದಿನ. ಡ್ರೈವರ್ ನೆಲ ನೋಡಿದ. ಖಾತೆಯ ಎಂಟು ದಿನ ಅವನಿಗೆ ಗೊತ್ತಿತ್ತು. ತಗಡಿನ ಮನೆ ಆಮೇಲೆ ಬರಲೇ ಇಲ್ಲ.

ಬೆಳಗಾವಿಯತನಕವಾದರೂ ಅದು ಹೋಗಬೇಕಲ್ಲ, ಮಂಗಳವಾರ ಮುಂಜಾನೆ ಕಮ್ಮಾರ ಬಂದ. ಸೀಳಿನ ತುದಿಯಲ್ಲಿ ಕೈಬೈರಿಗೆಯಿಂದ ಒಂದು ಸಣ್ಣ ತೂತು ಕೊರೆದ. “ಇಲ್ಲಿ ಹಾದಿ ಮುಗೀತು ಅಂತ ಅದಕ್ಕ ತಿಳೀಬೇಕು. ಇಲ್ಲಾಂದ್ರ ಓಡ್ತನs ಇರ್ತೈತಿ” ಅಂದ. ಒಳಗಡೆಯಿಂದ ದಪ್ಪ ತಗಡಿನ ತುಂಡು ಕೊಟ್ಟು, ಆರು ಮೊಳೆ ಕಾಯಿಸಿ ಎರಡೂ ಕಡೆ ಬಡಿದು ಚಪ್ಪಟೆ ಮಾಡಿದ. ಸೀಳು ಒಂದು ಕೂದಲೆಳೆಯಷ್ಟೂ ಅಲುಗದಂತಾಯಿತು. ನಾನು ಹತ್ತಿರವೇ ಕೂತು ನೋಡಿದೆ. ಎಷ್ಟು ಬೇಗ ಮುಗಿಸಿಬಿಟ್ಟ! ಒಂದು ಮೊಳೆ ಬಾಗಿದಾಗ ನನಗೆ ಸಂತೋಷವಾಯಿತು. ಅವನು ಅದನ್ನು ತೆಗೆದು ಬೇರೆ ಹಾಕಿದ.

“ಈಗ ಹತ್ತ ವರ್ಷ ಚಿಂತಿ ಇಲ್ಲವ್ವಾ” ಅಂದ, ನನಗೆ ಸಮಾಧಾನ ಹೇಳಲಿಕ್ಕೆ. ಬೆಳಗಾವಿಗೆ ಕಳಿಸುವ ಹುಕುಂ ಬರೆದಿಟ್ಟು ಸಾಹೇಬರು ಹಿಂದಿನ ದಿನವೇ ಹೋಗಿಯಾಗಿತ್ತು.

ನನ್ನ ಗಂಡ ಹಾಸಿಗೆಯ ಸುರುಳಿ, ಔಷಧದ ಪೆಟ್ಟಿಗೆ ಇಳಿಸಿಕೊಂಡು ಮೂಡಲಗಿಗೆ ಹೋಗುವ ಚಕ್ಕಡಿಯಲ್ಲಿ ಇಟ್ಟರು. ಊರ ಜನ ಸುತ್ತ ನಿಂತಿದ್ದರು. ಅಷ್ಟು ಜನರ ಎದುರಿಗೆ ಅವರು ಮತ್ತೆ ಅತ್ತೆಯ ಮನೆಯ ಗಂಡನಾಗಿದ್ದರು. ಡ್ರೈವರನಿಗೆ ಹೇಳಿದರು: “ಮೆಲ್ಲಕ ಹೋಗಂತ ಹೇಳು.” ಓಡಿಸುವವನು ಡ್ರೈವರ್. ಮೆಲ್ಲಗೆ ಹೋಗೆಂದು ಅವನು ಯಾರಿಗೆ ಹೇಳಬೇಕು? ಅವನು ಒಂದು ಗಳಿಗೆ ಗೊಂದಲಗೊಂಡು ನನ್ನ ಮುಖ ನೋಡಿದ. “ಹೂಂ ಅಂತ ಹೇಳಪಾ” ಅಂದೆ.

ಟ್ರೇಲರಿನೊಳಗೆ ಕೂತು ಹೋಗುವುದಕ್ಕೆ ಅಪ್ಪಣೆ ಇರಲಿಲ್ಲ. ಡ್ರೈವರ್ ಬಾಗಿಲು ತೆಗೆದು, ತಾನು ಏನನ್ನೂ ನೋಡಿಲ್ಲವೆಂಬಂತೆ ಮುಂದಕ್ಕೆ ನಡೆದ. ಒಳಗೆ ಹತ್ತಿ ಅವರ ಮಂಚದ ಮೇಲೆ ಕೂತೆ. ಜಾಳಿಗೆಯಲ್ಲಿ ಚಕ್ಕಡಿ ಒಂದು ಕಡೆಗೆ, ನಾವು ಒಂದು ಕಡೆಗೆ. ಅವರು ತಿರುಗಿ ನೋಡಿದರು ಎಂದೂ ಬರೆಯಬಹುದು, ನೋಡಲಿಲ್ಲ ಎಂದೂ ಬರೆಯಬಹುದು. ಧೂಳು ಎದ್ದಿತ್ತು. ಮುಂದೆ ಎಷ್ಟೋ ವರ್ಷ ಅವರ ಜೊತೆ ಬಾಳಿದೆ, ದೊಡ್ಡ ದೊಡ್ಡ ಮನೆಗಳಲ್ಲಿ. ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ‘ಹೂಂ, ನೋಡಿದ್ದೆ’ ಅನ್ನುತ್ತಿದ್ದರು. ಅಂಥ ಮನುಷ್ಯ. ಆ ಉತ್ತರ ನನಗೆ ಬೇಡವಾಗಿತ್ತು.

ಜೀಪು ನಿಂತಿತು. ಹೊರಗೆ ಅತ್ತೆಯ ಮನೆಯ ಓಣಿಯ ಗದ್ದಲ. ಡ್ರೈವರ್ ತಗಡಿನ ಮೇಲೆ ಬೆರಳಿಂದ ಬಡಿದ.

“ಅಕ್ಕಾರ, ಗೋಕಾಕ ಬಂತ್ರಿ.”

“ಬಂದೆ” ಅಂದೆ. ಅವನು ಕಾದ. ಇನ್ನೊಮ್ಮೆ ಬಡಿಯಲಿಲ್ಲ. ನಾನು ಕಾಲು ಚಾಚಿ ಎದುರಿನ ಮಂಚಕ್ಕೆ ತಾಗಿಸಿಕೊಂಡು, ಇನ್ನೂ ಸ್ವಲ್ಪ ಹೊತ್ತು ಕೂತೆ.