ಅಮ್ಮನ ಮೊದಲ ಶಿಷ್ಯೆ

ಯುದ್ಧ ನಡೆಯುತ್ತಿದ್ದ ವರ್ಷಗಳವು. ನಮ್ಮ ಹೊಳೆನರಸೀಪುರಕ್ಕೆ ಬರುವ ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಒಲೆ ಹೊತ್ತುಕೊಂಡು ಓಡುತ್ತಿದ್ದವು. ದಿಣ್ಣೆ ಬಂದರೆ ಎಲ್ಲರೂ ಇಳಿದು ತಳ್ಳಬೇಕಿತ್ತು. ಸೀಮೆಎಣ್ಣೆ ಸಿಗದೆ ಹೊತ್ತು ಮುಳುಗುವ ಮೊದಲೇ ಊರೆಲ್ಲ ಉಂಡು ಮಲಗುತ್ತಿತ್ತು. ಆಗ ಮಕ್ಕಳಾಗಿದ್ದವರಿಗೆ ಇವೆಲ್ಲ ನೆನಪಿರುತ್ತವೆ. ನನಗೆ ಇವಕ್ಕಿಂತ ಗಟ್ಟಿಯಾಗಿ ನೆನಪಿರುವುದು ಒಂದು ಅವರೆಕಾಯಿ ಸುಗ್ಗಿ. ಆಗ ನನಗೆ ಹತ್ತು ವರ್ಷ.

ಅಮ್ಮ ಹೆರಿಗೆ ಮಾಡಿಸುವ ನರ್ಸು. ಸುತ್ತಿನ ಹಳ್ಳಿಯವರಿಗೆಲ್ಲ 'ನರ್ಸಮ್ಮ'. ಅಪ್ಪ ತೀರಿಕೊಂಡು, ನಮ್ಮವರ ಮಾತಿನಲ್ಲಿ 'ಕರ್ತನಲ್ಲಿ ನಿದ್ರೆಹೋಗಿ', ಎರಡು ವರ್ಷವಾಗಿತ್ತು. ಬಾಡಿಗೆಯ ಪುಟ್ಟ ಮನೆಯಲ್ಲಿ ನಾವಿಬ್ಬರೇ. ವಾರವೆಲ್ಲ ಅಮ್ಮ ಯಾರದೋ ಗಾಡಿಯಲ್ಲಿ ಯಾವುದೋ ಊರಿಗೆ ಹೋಗಿರುತ್ತಿದ್ದಳು. ಸಂತೆಯ ದಿನದ ಮಧ್ಯಾಹ್ನ ಮಾತ್ರ ನನ್ನದು. ಅವತ್ತು ಜಗಲಿಯಲ್ಲಿ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ಹಚ್ಚಿ ಬಾಚುತ್ತಿದ್ದಳು. ಆಮೇಲೆ ಅಳಗುಳಿಮಣೆ ಆಡುತ್ತಿದ್ದೆವು. ಹುಣಸೆಬೀಜ ಹಾಕುವ ಅವಳ ಕೈ ಕಾರ್ಬಾಲಿಕ್ ಸೋಪಿನ ವಾಸನೆ ಹೊಡೆಯುತ್ತಿತ್ತು.

ಆ ವರ್ಷ ಮಳೆಗಾಲದ ಕೊನೆಗೆ ಹಳೇಕೋಟೆಯ ಕೆಂಪಕ್ಕನ ಹೆರಿಗೆಗೆ ಅಮ್ಮ ಹೋದಳು. ಚೊಚ್ಚಲು ಗಂಡುಮಗು, ಒಂದು ದಿನವೂ ಉಳಿಯಲಿಲ್ಲ. ಕೆಂಪಕ್ಕ ಮಾತೇ ಬಿಟ್ಟುಬಿಟ್ಟಿದ್ದಳಂತೆ. ಅಮ್ಮ ಮೂರು ದಿನ ಅಲ್ಲೇ ಇದ್ದು, ತನ್ನ ಚೀಲದಲ್ಲಿದ್ದ ಯೇಸುವಿನ ಸುವಾರ್ತೆಯ ಪುಸ್ತಕದಿಂದ ಒಂದಿಷ್ಟು ಓದಿ ಹೇಳಿದಳು. ಮೂರನೆಯ ದಿನ ಕೆಂಪಕ್ಕ ಬಾಯಿ ಬಿಟ್ಟು ಕೇಳಿದಳಂತೆ: "ಅವ್ವಾ, ಅದ್ನ ನಾನೇ ಓದ್ಕಳಂಗೆ ಆಯ್ತದಾ?"

ಮೈ ಚೇತರಿಸಿಕೊಂಡ ಮೇಲೆ ಒಂದು ಸಂತೆಗೆ ಅವಳು ಮೆಣಸಿನಕಾಯಿ ಮಾರುವ ನೆವದಲ್ಲಿ ನಮ್ಮ ಜಗಲಿಗೆ ಬಂದಳು. ಮಡಿಲಲ್ಲಿ ನನಗೆಂದು ಸೊಗಡವರೆಕಾಯಿ. ಅಮ್ಮ ಸ್ಲೇಟು ಕೊಟ್ಟು 'ಅ' ತಿದ್ದಿಸಿದಳು. ಅದರ ಮುಂದಿನ ವಾರ ಕೆಂಪಕ್ಕ ತನ್ನೂರಿನ ತಿಮ್ಮಕ್ಕನನ್ನು ಕರೆತಂದಳು. ಸಂಕ್ರಾಂತಿಯ ಹೊತ್ತಿಗೆ ಏಳು ಹೆಂಗಸರು. ಪ್ರಾರ್ಥನೆ, ಅಕ್ಷರ, ಸುವಾರ್ತೆಯ ಒಂದು ವಚನ, ಅದರ ಮೇಲೆ ಅವರವರ ಮನೆಯ ಕಷ್ಟಸುಖ. ಅಮ್ಮನದು ಒಂದೇ ಕಟ್ಟಳೆ.

"ಶಿಷ್ಯೆ ಅಂದ್ರೆ ಕಲೀತಾ ಇರೋಳು. ಇವತ್ತು ಕಲ್ತಿದ್ದನ್ನ ಈ ವಾರದಲ್ಲಿ ಇನ್ನೊಬ್ಬಳಿಗೆ ಕಲಿಸಿ ಬನ್ನಿ" ಎನ್ನುತ್ತಿದ್ದಳು.

"ನಮ್ಮಂತೋರು ಯಾರ್ಗವ್ವಾ ಕಲ್ಸಾದು?" ಎಂದು ತಿಮ್ಮಕ್ಕ ನಕ್ಕರೆ, ಕೆಂಪಕ್ಕ, "ನಾನು ನೀರಿಗೋದಾಗ ಮರಳಲ್ಲಿ ಬರ್ದು ತೋರುಸ್ತೀನಿ ಕಣಕ್ಕ, ನೀನೂ ಅಂಗೇ ಮಾಡು" ಎನ್ನುತ್ತಿದ್ದಳು.

ಎಲ್ಲರಿಗಿಂತ ಬೇಗ ಕಲಿತವಳು ಅವಳೇ. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವಳು; ಒಂದು ಸಾಲು ಮುಗಿದರೆ ಓಟದಲ್ಲಿ ಗೆದ್ದವಳ ಹಾಗೆ ಸುತ್ತ ನೋಡುವಳು. ನಾನು ಬಾಗಿಲ ಹಿಂದೆ ಎಣ್ಣೆ ಕಾಣದ ತಲೆ ಕೆರೆದುಕೊಳ್ಳುತ್ತ, ಅವರೆಕಾಯಿ ಸಿಪ್ಪೆಯನ್ನು ಚೂರುಚೂರು ಮಾಡುತ್ತ ಕೂತಿರುತ್ತಿದ್ದೆ. ನನ್ನ ಮಧ್ಯಾಹ್ನ ಹೋಯಿತು ಎನ್ನುವುದು ಬಿಟ್ಟರೆ ಆ ಕೂಟದ ಬಗ್ಗೆ ನನಗೆ ಬೇರೇನೂ ಅನ್ನಿಸುತ್ತಿರಲಿಲ್ಲ.

ಒಂದು ದಿನ ಅಮ್ಮ ಪೆಟ್ಟಿಗೆಯಿಂದ ಅಪ್ಪನ ಸುವಾರ್ತೆಯನ್ನು ತೆಗೆದು ಕೆಂಪಕ್ಕನ ಕೈಗಿಟ್ಟಳು. ಅಂಚಿನಲ್ಲೆಲ್ಲ ಅಪ್ಪನ ಪೆನ್ಸಿಲ್ ಬರಹವಿದ್ದ ಪುಸ್ತಕ. ಅಪ್ಪನ ಕೈಬರಹವೆಂದು ನಮ್ಮಲ್ಲಿ ಉಳಿದಿದ್ದೇ ಅದು.

"ಅದು ನಂದು" ಎಂದೆ ಅವರೆಲ್ಲ ಹೋದ ಮೇಲೆ.

"ನಿಂಗೆ ಹೊಸದು ತರಿಸ್ಕೊಡ್ತೀನಿ. ಅವಳಿಗೆ ಈಗ ಬೇಕು, ಮಗಾ."

ಮುಂದಿನ ಸಂತೆಯಲ್ಲಿ ಉಪ್ಪು ತರಲು ಹೋಗಿದ್ದೆ. ಹಣೆ ತುಂಬ ವಿಭೂತಿ ಹಚ್ಚಿದ್ದ ಮುದುಕಿಯೊಬ್ಬರು ತಡೆದು ನಿಲ್ಲಿಸಿದರು. ಕೆಂಪಕ್ಕನ ಅತ್ತೆ.

"ನೀನು ನರ್ಸಮ್ಮನ ಮಗಳು ಅಲ್ವಾ? ನಮ್ ಕೆಂಪಿನ ಎಲ್ಲಾರ ಕಂಡ್ಯಾ ಕೂಸೆ? ಮೆಣಸಿನಕಾಯಿ ಮಾರ್ತೀನಿ ಅಂತ ಬಂದ್ಲು, ಎಲ್ಲೂ ಕಾಣೆ."

ಗೊತ್ತಿಲ್ಲ ಎನ್ನಬಹುದಿತ್ತು. ಮನೆಯವರಿಗೆ ತಿಳಿಯದ ಹಾಗೆ ಕೆಂಪಕ್ಕ ಬರುತ್ತಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. "ನಮ್ಮನೇಲವಳೆ. ಪ್ರತಿ ವಾರವೂ ಬತ್ತಾಳೆ. ನಮ್ಮ ಪುಸ್ತಕ ಓದ್ತಾಳೆ" ಎಂದೆ. ಒಂದು ಮಾತೂ ಬಾಯಿ ತಪ್ಪಿ ಬಂದದ್ದಲ್ಲ.

ಮುದುಕಿ ನನ್ನ ಹಿಂದೆಯೇ ಬಂದರು. ಕೂಗಾಡಲಿಲ್ಲ. ಜಗಲಿಯ ಕೆಳಗೆ ನಿಂತು, "ನರ್ಸಮ್ಮ, ಮೊಮ್ಮಗ ಉಳೀಲಿಲ್ಲ. ಅದ್ಕೆ ನಿಮ್ಮೇಲೆ ನಮ್ಗೇನೂ ಬ್ಯಾಸ್ರಿಲ್ಲ. ಸೊಸೆನೂ ಕಳ್ಕಳಾಕೆ ನಮ್ ಕೈಲಾಗಾಕಿಲ್ಲ. ನಿಮ್ ಮಗಳು ಯೋಳ್ದೆ ಇದ್ದಿದ್ರೆ ಇದು ಗೊತ್ತೇ ಆಯ್ತಿರ್ಲಿಲ್ಲ" ಎಂದರು.

ಅಮ್ಮ ನನ್ನ ಕಡೆ ನೋಡಿದಳು. ಕೆಂಪಕ್ಕ ನೋಡಲಿಲ್ಲ. ಪುಸ್ತಕ ಮುಚ್ಚಿ, ಸೆರಗಿನಿಂದ ಒಂದು ಸಲ ಒರೆಸಿ, ಚಾಪೆಯ ಮೇಲಿಟ್ಟು ಅತ್ತೆಯ ಹಿಂದೆ ನಡೆದಳು.

ಅಪ್ಪನ ಪುಸ್ತಕ ನನಗೆ ಸಿಕ್ಕಿತು. ಅವತ್ತು ಸಂಜೆ ಅಮ್ಮ ನನ್ನ ತಲೆಗೆ ಎಣ್ಣೆಯನ್ನೂ ಹಚ್ಚಿದಳು. ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸಿಬಿಡುತ್ತಿದ್ದೆನೋ ಏನೋ. ತಲೆ ಬಾಚುತ್ತ, "ನೀನು ಕೇಳಿದ್ರೆ ಒಂದು ದಿನ ಕೂಟ ನಿಲ್ಲಿಸ್ತಿದ್ನಲ್ಲ ಮಗಾ, ಯಾಕೆ ಕೇಳ್ಲಿಲ್ಲ?" ಎಂದಳು.

ಸುದ್ದಿ ಹಬ್ಬಿ, ಏಳು ಜನರಲ್ಲಿ ಐವರು ಬರುವುದನ್ನು ನಿಲ್ಲಿಸಿದರು. ಅಮ್ಮ ನನ್ನನ್ನು ಕರೆದುಕೊಂಡು ಹಳೇಕೋಟೆಗೆ ಹೋದಳು. ಆ ಮನೆಯವರು ಕುಡಿಯಲು ನೀರು ಕೊಟ್ಟರು, ಬೆಲ್ಲ ಕೊಟ್ಟರು. ಕೆಂಪಕ್ಕನನ್ನು ಹೊರಗೆ ಕರೆಯಲಿಲ್ಲ. ಬರುವ ದಾರಿಯಲ್ಲಿ ಅಮ್ಮ, "ಅವರು ನಮ್ಮನೆಗೆ ಬರೋಕಾಗ್ದಿದ್ರೆ ನಾವೇ ಹೋಗೋಣ. ಬಚ್ಚಿಟ್ಟುಕೊಂಡು ಬೇಡ, ಮನೆಯವರನ್ನ ಕೇಳಿಯೇ ಕೂರೋಣ" ಎಂದಳು.

ಹಾಗೆಯೇ ಮಾಡಿದಳು. ಕರೆದವರ ಮನೆಯ ಹಜಾರ, ಹಿತ್ತಿಲು, ಕಣ, ಎಲ್ಲೆಂದರಲ್ಲಿ. ಗೊರೂರಿನಲ್ಲಿ ಮೀನು ಹಿಡಿಯುವವರ ಮನೆಯ ಹೆಣ್ಣುಮಕ್ಕಳು ನಾಲ್ವರು ಸೇರಿದರು. ಅವರಲ್ಲೊಬ್ಬಳು ಮದುವೆಯಾಗಿ ಅರಕಲಗೂಡಿಗೆ ಹೋಗಿ ಅಲ್ಲೊಂದು ಕೂಟ ಕಟ್ಟಿದಳು. ತಿಮ್ಮಕ್ಕನ ತಂಗಿಯಿಂದ ಚನ್ನರಾಯಪಟ್ಟಣದಲ್ಲಿ ಶುರುವಾಯಿತು. ನಾನು ನರ್ಸಿಂಗ್ ಕಲಿಯಲು ಮೈಸೂರಿನ ರೈಲು ಹತ್ತುವ ಹೊತ್ತಿಗೆ ಹಾಸನದಲ್ಲೂ ಗಂಡಸರು, ಹೆಂಗಸರು ಬೇರೆಬೇರೆಯಾಗಿ ಕೂರುತ್ತಿದ್ದರು. ಹಳೇಕೋಟೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ಈಗ ವರ್ಷಕ್ಕೊಮ್ಮೆ ಎಲ್ಲ ಊರಿನವರೂ ಸೇರುತ್ತಾರೆ. ಶಾಮಿಯಾನ, ಮೈಕು, ಊಟ. ಉಪದೇಶಿಗಳು, "ಜಗಲಿಯ ಕೂಟ ಚದುರಿದ್ದರಿಂದಲೇ ಸೇವೆ ಹಳ್ಳಿಹಳ್ಳಿಗೆ ಹರಡಿತು, ಎಲ್ಲವೂ ದೇವರ ಚಿತ್ತ" ಎನ್ನುತ್ತಾರೆ. ಜನ 'ಆಮೆನ್' ಎನ್ನುತ್ತಾರೆ. ನಾನೂ ಎನ್ನುತ್ತೇನೆ. ಅದನ್ನು ಚದುರಿಸಿದ್ದು ಯಾರೆಂದು ಯಾರೂ ಕೇಳಿಲ್ಲ, ನಾನಾಗಿ ಹೇಳಿಲ್ಲ.

ಅಮ್ಮ ತೀರಿಕೊಂಡ ವರ್ಷ ಹಳೇಕೋಟೆಗೆ ಒಬ್ಬಳೇ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಕೆಂಪಕ್ಕ ತೀರಿಹೋಗಿ ಎಂಟು ತಿಂಗಳಾಗಿತ್ತು. ಕೂಟ ಬಿಟ್ಟ ಮೇಲೆ ಅವಳಿಗೆ ಮೂರು ಮಕ್ಕಳಾಗಿದ್ದರಂತೆ. ದೊಡ್ಡ ಸೊಸೆ ಮಜ್ಜಿಗೆ ತಂದುಕೊಟ್ಟಳು.

"ನಿಮ್ಮತ್ತೆ ಏನಾದರೂ ಓದ್ತಿದ್ರಾ?" ಎಂದು ಕೇಳಿದೆ.

"ನಮ್ಮತ್ತೆಯಾ?" ಆಕೆ ನಕ್ಕಳು. "ಇಲ್ಲ ಕಣಮ್ಮ, ಅವ್ರಿಗೆ ಅಕ್ಸರವೇ ಬತ್ತಿರ್ಲಿಲ್ಲ. ಸಾಯೋಗಂಟ ಹೆಬ್ಬೆಟ್ಟೇ."