ರೇಣುಕಾ ಬೀಗ ಹಾಕಿಟ್ಟ ಗುರುವಾರ

ಸೋಮವಾರ ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ರೇಣುಕಾಳ ತಟ್ಟೆಗೆ ಮಾವಿನ ಉಪ್ಪಿನಕಾಯಿ ಬಿತ್ತು. ಒಂದಲ್ಲ, ನಾಲ್ಕು ಹೋಳು! "ತಿನ್ನವ್ವಾ, ಈಗ ಬಾಯಿ ಬೇಡ್ತದ," ಎಂದರು ನಮ್ಮ ಆಫೀಸಿನ ಹಿರಿಯರಾದ ಮಾನ್ವಿಯ ಬಸಮ್ಮಕ್ಕ. ರೇಣುಕಾ ಊಟ ಬಿಟ್ಟು ಎದ್ದು ಹೋದಳು.

ತಪ್ಪು ಬಸಮ್ಮಕ್ಕನದಲ್ಲ. ನನ್ನದು.

ರಾಯಚೂರಿನ ನಮ್ಮ ಆಫೀಸಿನಲ್ಲಿ ಏಳು ಜನ, ಮೇಲ್‌ಬಾಕ್ಸ್ ಒಂದೇ. ಅದರ ಕ್ಯಾಲೆಂಡರಿನಲ್ಲೇ ಎಲ್ಲರೂ ತಂತಮ್ಮ ಕೆಲಸ, ರಜೆ ಬರೆದಿಡುತ್ತೇವೆ. ಯಾರು ಏನೇನು ನೋಡಬಹುದು ಎಂದು ಪರ್ಮಿಷನ್ ಕೊಡುವವಳು ನಾನು. (ದೊಡ್ಡ ಹುದ್ದೆಯೇನಲ್ಲ, ಕಂಪ್ಯೂಟರಿಗೆ ಹೆದರದವಳು ನಾನೊಬ್ಬಳೇ, ಅಷ್ಟೇ.) 'ಖಾಸಗಿ ವಿಷಯಗಳನ್ನೂ ಇವರು ನೋಡಬಹುದೇ?' ಎಂದು ಕಂಪ್ಯೂಟರು ಕೇಳಿದಾಗ ಎಲ್ಲ ಹೆಸರಿಗೂ ಟಿಕ್ ಹೊಡೆದಿದ್ದೆ. ದಿನಾ ಬುತ್ತಿ ಹಂಚಿಕೊಂಡು ತಿನ್ನುವವರಲ್ಲಿ ಎಂಥ ಖಾಸಗಿ?

ದೇವದುರ್ಗದಿಂದ ಬಸ್ಸಿಗೆ ಬರುವ ರೇಣುಕಾ ಈ ಗುರುವಾರದ ಅರ್ಧ ದಿನ ರಜೆಗೆ 'ಖಾಸಗಿ' ಎಂಬ ಬೀಗದ ಗುರುತು ಹಾಕಿದ್ದಳು. ಒಳಗೆ ಇದ್ದದ್ದು ಇಷ್ಟೇ: 'ಸ್ಕ್ಯಾನ್. ಕೂಸಿನ ಎದೆಬಡಿತ ಕೇಳಬೇಕು.' ನನ್ನ ಟಿಕ್ಕಿನ ದೆಸೆಯಿಂದ ಅದನ್ನು ಇಡೀ ಆಫೀಸು ಓದಿತ್ತು.

ಅವಳ ಹಿಂದೆಯೇ ಹೋದೆ. ನಲ್ಲಿಯ ಹತ್ತಿರ ನಿಂತಿದ್ದಳು.

"ಹೋದ ಸಲ ಎಲ್ಲರಿಗೂ ಹೇಳಿದ್ನಿ ಅಕ್ಕಾ. ಆಮ್ಯಾಲ ಕೂಸು ಹೋತು ಅಂತ ಒಬ್ಬೊಬ್ಬರಿಗೂ ಹೇಳಬೇಕಾತು. ಹೇಳೀ ಹೇಳೀ ಸಾಕಾತು. ಅದಕ್ಕ ಈ ಸಲ ಕೀಲಿ ಹಾಕಿಟ್ಟಿದ್ನಿ."

ನಾಚಿಕೆಯಾಯಿತು, ಅಳುವೂ ಬಂತು. "ತಪ್ಪಾತವ್ವಾ," ಎಂದೆ. ಸೀದಾ ಬಂದು ಟಿಕ್‌ಗಳನ್ನೆಲ್ಲ ತೆಗೆದೆ, ನನ್ನದನ್ನೂ ಸೇರಿಸಿ. ಆದರೆ ಓದಿಯಾಗಿತ್ತಲ್ಲ? ಅವಳಾಗಿ ಹೇಳುವ ತನಕ ನಮಗೇನೂ ಗೊತ್ತಿಲ್ಲದ ಹಾಗೆಯೇ ಇರೋಣ ಎಂದು ಎಲ್ಲರಿಗೂ ಹೇಳಿದೆ. ಅಂದಿನಿಂದ ಯಾರೂ ಅವಳೆದುರು ಆ ಮಾತೆತ್ತಲಿಲ್ಲ.

ಗುರುವಾರ ಮಧ್ಯಾಹ್ನ ಒಬ್ಬರಿಗೂ ಕೆಲಸ ಸಾಗಲಿಲ್ಲ. ಬಸಮ್ಮಕ್ಕ ಒಂದೇ ಕಾಗದವನ್ನು ಮೂರು ಸಲ ಫೈಲ್ ಮಾಡಿದರು. ಊಟದ ಹೊತ್ತು ಮೀರಿದ ಮೇಲೆ ರೇಣುಕಾ ಬಂದು ಬಾಗಿಲಲ್ಲಿ ನಿಂತಳು.

"ಒಂದು ಸುದ್ದಿ ಹೇಳೋದೈತ್ರಿ," ಎಂದಳು. "ಬಡಿತ ಕೇಳಿಸ್ತು. ಛಲೋ ಐತಂತ."

"ಹೌದೇನ ಯವ್ವಾ! ನಮಗ ಏನೂ ಗೊತ್ತೇ ಇಲ್ಲ ನೋಡು!" ಎಂದು ಬಸಮ್ಮಕ್ಕ ಗಲ್ಲದ ಮೇಲೆ ಕೈಯಿಟ್ಟರು. ನಾವೂ ಗೋಣು ಹಾಕಿದೆವು. ರೇಣುಕಾ ನಮ್ಮೆಲ್ಲರ ಮುಖ ನೋಡಿ ನಗಲು ಹೋಗಿ ಅತ್ತೇಬಿಟ್ಟಳು.

ಅವಳ ಸುದ್ದಿಯನ್ನು ಅವಳ ಬಾಯಿಂದಲೇ ಕೇಳಲು ನಾಲ್ಕು ದಿನ ಕಾಯುವುದಕ್ಕೆ ನಮಗೇನು ಧಾಡಿಯಾಗಿತ್ತು?